ಅರವತ್ತಮೂರರ ಮೇಲಿನ ಮೋಡ

ಬೊಂ. ಬೊಂ. ಬೊಂ. ಡುಬ್.

ಮಡಚಿದ ಬೆರಳಿನ ಗೆಣ್ಣು ತೊಟ್ಟಿಯ ಮೈಮೇಲೆ ಬಡಿಯುತ್ತ ಮೇಲಿನಿಂದ ಕೆಳಕ್ಕೆ ಇಳಿದು ಬಂತು. ನಾಲ್ಕನೆಯ ಬಡಿತಕ್ಕೆ ಸದ್ದು ಸಟ್ಟನೆ ಭಾರವಾಯಿತು. ನೀರು ಇರಬೇಕಾದ ಮಟ್ಟದಲ್ಲೇ ಇತ್ತು. "ಚೆನ್ನಾಗಿದ್ದೀಯಾ?" ಎಂದು ನೀರಕ್ಕ ಅರವತ್ತಮೂರನೆಯ ತೊಟ್ಟಿಯನ್ನು ಕೇಳಿ, ಉತ್ತರಕ್ಕೆ ಕಾಯದೆ ಹೆಗಲ ಚೀಲ ಇಳಿಸಿದಳು.

ಮಟ್ಟ ತೋರಿಸುವ ಯಂತ್ರ ತೊಟ್ಟಿಯೊಳಗೇ ಇತ್ತು. ಅದರ ಅಂಕಿಯನ್ನೂ ಅವಳು ತಪ್ಪದೆ ಬರೆದುಕೊಳ್ಳುತ್ತಿದ್ದಳು. ಆದರೆ ಮೊದಲು ಗೆಣ್ಣು, ಆಮೇಲೆ ಅಂಕಿ. ಅವಳ ಅಪ್ಪ ಬಾವಿ ತೋಡುತ್ತಿದ್ದವನು. ನೆಲಕ್ಕೆ ಕಿವಿಯಿಟ್ಟು ನೀರಿನ ಆಳ ಹೇಳುತ್ತೇನೆಂದು ಜಂಬ ಕೊಚ್ಚುತ್ತಿದ್ದ, ಹತ್ತರಲ್ಲಿ ಆರು ಸಲ ಸರಿಯಾಗಿ ಹೇಳಿಯೂ ಬಿಡುತ್ತಿದ್ದ. ಮಗಳು ಕಿವಿಯನ್ನು ನೆಲದಿಂದ ಎತ್ತಿ ಕೊಳಾಯಿಗೆ ಇಟ್ಟಳು. ಇಪ್ಪತ್ತು ವರ್ಷ ಪಟ್ಟಣದ ನೀರು ಸರಬರಾಜಿನಲ್ಲಿ ಪೈಪು ಜೋಡಿಸಿದಳು, ಎಲ್ಲಿ ಸೋರುತ್ತಿದೆ ಎಂದು ಗೋಡೆ ಒಡೆಯದೆ ಹೇಳಿದಳು. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿತ್ತು. ಅದನ್ನು ಕರೆದರೆ ಅವಳೇ ತಿರುಗಿ ನೋಡುತ್ತಿದ್ದಳೋ ಇಲ್ಲವೋ. ಎಲ್ಲರಿಗೂ ಅವಳು ನೀರಕ್ಕ.

ಹನ್ನೊಂದು ವರ್ಷದ ಹಿಂದೆ ಬಯಲಿಗೆ ವಿಜ್ಞಾನಿಗಳು ಬಂದರು. ಒಂದು ಮರವೂ ಇಲ್ಲದ ಬಯಲಿನಲ್ಲಿ ಒಂದೂವರೆ ಕಿಲೋಮೀಟರಿಗೊಂದರಂತೆ ಇನ್ನೂರ ಹತ್ತು ತೊಟ್ಟಿ ಇಡಬೇಕು, ಒಂದೊಂದಕ್ಕೂ ಹನ್ನೆರಡು ಸಾವಿರ ಲೀಟರ್ ಕಲ್ಮಶವಿಲ್ಲದ ನೀರು ತುಂಬಬೇಕು, ಒಳಗೆ ಬೆಳಕಿನ ಒಂದು ಎಳೆಯೂ ಹೋಗಬಾರದು ಎಂದರು. ಕೆಲಸ ಕೇಳಲು ಹೋದ ನೀರಕ್ಕನನ್ನು ಅಲ್ಲಿನ ಮುಖ್ಯಸ್ಥರು, "ವಿಶ್ವಕಿರಣ ಅಂದ್ರೇನು ಗೊತ್ತಾ?" ಎಂದು ಕೇಳಿದ್ದರು.

"ಗೊತ್ತಿಲ್ಲ ಸರ್. ಆದ್ರೆ ಅದು ನೀರೊಳಗೆ ಬಂದ್ರೆ, ನೀರು ಹೊರಗೆ ಹೋಗದ ಹಾಗೆ ನೋಡ್ಕೋತೀನಿ."

ಕೆಲಸ ಸಿಕ್ಕಿತು. ಗೊತ್ತಿಲ್ಲದ್ದನ್ನು ಅವಳು ಒಂದೊಂದೇ ತೊಟ್ಟಿ ತುಂಬುತ್ತ ಕಲಿತಳು. ಈಗ ಗಂಡನ ಟೈಲರ್ ಅಂಗಡಿಗೆ ಬಂದವರು ಯಾರಾದರೂ ಕೇಳಿದರೆ ಅವಳದೇ ಒಂದು ವಿವರಣೆ ಇತ್ತು:

"ಮೇಲಿಂದ ಒಂದೇ ಒಂದು ಕಣ ಬರುತ್ತೆ. ಕಣ್ಣಿಗೆ ಕಾಣೋದಿರಲಿ, ಊಹೆಗೂ ಸಿಗದಷ್ಟು ಸಣ್ಣದು. ಆದ್ರೆ ಅದರ ರಭಸ ನೋಡಿ, ಬೀಸಿ ಹೊಡೆದ ಚೆಂಡಿಗಿರುತ್ತಲ್ಲ, ಅಷ್ಟು. ಗಾಳಿಗೆ ಬಡಿದು ಒಡೆಯುತ್ತೆ. ಚೂರು ಹೋಗಿ ಬಡಿದು ಇನ್ನಷ್ಟು ಚೂರು. ನೆಲ ಮುಟ್ಟೋ ಹೊತ್ತಿಗೆ ಕೋಟಿಕೋಟಿ. ಊರಗಲ ಸುರಿಯುತ್ತೆ, ಯಾರಿಗೂ ಒದ್ದೆಯಾಗಲ್ಲ. ನಮ್ಮ ತೊಟ್ಟಿ ನೀರಲ್ಲಿ ಹಾದು ಹೋಗುವಾಗ ಮಾತ್ರ ಫಳಕ್ ಅಂತ ನೀಲಿ ಬೆಳಕು. ಕತ್ತಲಲ್ಲಿ ಕೂತಿರೋ ಮೂರು ಗಾಜಿನ ಕಣ್ಣು ಅದನ್ನ ನೋಡುತ್ತೆ."

"ಅದನ್ನ ಹಿಡಿದು ಏನ್ಮಾಡ್ತೀರಿ?"

"ಎಲ್ಲಿಂದ ಬಂದೆ ಅಂತ ಕೇಳ್ತೀವಿ."

"ಹೇಳುತ್ತಾ?"

"ಇನ್ನೂ ಇಲ್ಲ. ಸಂಕೋಚ ಜಾಸ್ತಿ," ಎನ್ನುತ್ತಿದ್ದ ಹೊಲಿಗೆ ಯಂತ್ರದ ಹಿಂದಿನಿಂದ ಗಂಡ.

ಆ ದಿನ ಅರವತ್ತಮೂರಕ್ಕೆ ಅವಳು ಬಂದದ್ದು ಒಂದು ತಂತಿ ಬದಲಿಸಲು. ತೊಟ್ಟಿಯ ನೆತ್ತಿಯ ಮೇಲೆ ಬಿಸಿಲಿನಿಂದ ವಿದ್ಯುತ್ ಮಾಡುವ ಸೌರ ಹಲಗೆ, ಅದರ ಮಗ್ಗುಲಲ್ಲೇ ಯಂತ್ರಗಳ ಪೆಟ್ಟಿಗೆ. ನಡುಹಗಲಿನಲ್ಲಿ ಪೆಟ್ಟಿಗೆ ತೆರೆದರೆ ಹಲಗೆಯ ಪ್ರತಿಫಲನ ಚೂರಿಯ ಹಾಗೆ ಕಣ್ಣಿಗೆ ಚುಚ್ಚುತ್ತಿತ್ತು. ಅದಕ್ಕೇ ಗಂಡ ಒಂದು ಬಟ್ಟೆ ಹೊಲಿದು ಕೊಟ್ಟಿದ್ದ. ಯಾರದೋ ಪರದೆಯಲ್ಲಿ ಉಳಿದ ದಪ್ಪ ಕೆಂಪು ತುಂಡು, ನಾಲ್ಕು ಮೂಲೆಗೂ ಒಂದೊಂದು ಪುಟ್ಟ ಜೇಬು, ಗಾಳಿಗೆ ಹಾರದಿರಲೆಂದು ಜೇಬಿನಲ್ಲಿ ಒಂದೊಂದು ಬೆಣಚುಕಲ್ಲು. ಅದನ್ನು ಹಲಗೆಗೆ ಹೊದಿಸಿದ ಮೇಲೆಯೇ ಅವಳ ಕೆಲಸ ಶುರು. ಕೆಲಸ ಮುಗಿದರೆ ಬಟ್ಟೆ ತೆಗೆದು ಕೊಡವಿ, ತೊಟ್ಟಿಯ ನೆರಳಿನಲ್ಲಿ ಹಾಸಿ, ಬೆನ್ನನ್ನು ತಣ್ಣಗಿನ ತೊಟ್ಟಿಗೆ ಆನಿಸಿ ಕೂತು ಊಟ.

ಅದೊಂದು ಅವಳು ಯಾರಿಗೂ ಹೇಳಿರದ ಸಂಗತಿ. ತೊಟ್ಟಿಗಳ ಬಳಿ ಊಟ ಮಾಡುವಂತಿರಲಿಲ್ಲ. ತುಣುಕು ಬಿದ್ದರೆ ಇಲಿ ಬರುತ್ತದೆ, ಇಲಿ ಬಂದರೆ ತಂತಿ ಕಡಿಯುತ್ತದೆ. ಹದಿನೇಳನೆಯ ತೊಟ್ಟಿ ಹಾಗೇ ಒಂದು ತಿಂಗಳು ಕುರುಡಾಗಿ ಕೂತಿತ್ತು. 'ತೊಟ್ಟಿಯ ಹತ್ತಿರ ಊಟ ಮಾಡಬೇಡಿ' ಎಂಬ ಫಲಕ ಕಚೇರಿಯ ಗೋಡೆಯಲ್ಲಿ ಕೆಂಪು ಬಣ್ಣದಲ್ಲಿತ್ತು. ಬರೆದವಳು ನೀರಕ್ಕನೇ, ಅವಳ ಅಕ್ಷರ ಚೆನ್ನ ಎಂದು. ಹೊಸಬರನ್ನು ಆ ಫಲಕದ ಕೆಳಗೆ ನಿಲ್ಲಿಸಿ ಪಾಠ ಹೇಳುತ್ತಿದ್ದವಳೂ ಅವಳೇ.

ಆದರೆ ಬಯಲಿನಲ್ಲಿ ಬೇರೆ ನೆರಳೆಲ್ಲಿತ್ತು? ಜೀಪಿನೊಳಗೆ ಕೂತರೆ ಊಟಕ್ಕಿಂತ ಮೊದಲು ತಾನೇ ಬೇಯುತ್ತಿದ್ದಳು. ಒಂದು ತುಣುಕೂ ಬೀಳದಂತೆ ಬಟ್ಟೆ ಮಡಚಿ ಜೀಪಿಗೆ ತರುತ್ತಿದ್ದಳು. ಆಮೇಲೆ ಪುಸ್ತಕ ತೆಗೆದು, ಬಂದ ಹೊತ್ತು, ಹೊರಟ ಹೊತ್ತು ಬರೆಯುತ್ತಿದ್ದಳು. ಊಟವೂ ಕೆಲಸದ ಲೆಕ್ಕಕ್ಕೇ ಸೇರಿಹೋಗುತ್ತಿತ್ತು.

ಆ ದಿನವೂ ಹಾಗೆಯೇ. ಎರಡು ತುಂಡು ಬ್ರೆಡ್ಡು, ಒಂದು ಬೇಯಿಸಿದ ಮೊಟ್ಟೆ. ಹನ್ನೆರಡು ಗಂಟೆ ನಲವತ್ತೊಂದು ನಿಮಿಷಕ್ಕೆ ಅವಳು ಮೊಟ್ಟೆಗೆ ಉಪ್ಪು ಉದುರಿಸುತ್ತಿದ್ದಳು. ಆಕಾಶ ನಿಚ್ಚಳವಾಗಿತ್ತು. ಒಂದು ನೊಣ ಬಂದು ಮೊಣಕಾಲ ಮೇಲೆ ಕೂತು, ಯೋಚಿಸಿ, ಹಾರಿಹೋಯಿತು. ಬೇರೇನೂ ಆಗಲಿಲ್ಲ.

ಐದನೆಯ ದಿನ ಕಚೇರಿಗೆ ಕರೆ ಬಂತು.

ಉದ್ದ ಕೋಣೆ, ಎರಡು ಫ್ಯಾನು, ಗೋಡೆಯುದ್ದಕ್ಕೂ ಅವಳ ಹನ್ನೊಂದು ವರ್ಷದ ಪುಸ್ತಕಗಳಿದ್ದ ಕಬ್ಬಿಣದ ಕಪಾಟು. ಕಂಪ್ಯೂಟರಿನ ಮುಂದೆ ಲೆಕ್ಕದ ಹುಡುಗಿ ಕೂತಿದ್ದಳು. ತೊಟ್ಟಿಗಳು ಕಳಿಸುವ ಅಂಕಿಗಳಿಂದ ಕಣಗಳ ಮಳೆಯ ಬಲ, ಬಂದ ದಿಕ್ಕು ಲೆಕ್ಕ ಹಾಕುವುದು ಅವಳ ಕೆಲಸ, ಅದಕ್ಕೇ ಆ ಹೆಸರು. ಅವಳ ಕಣ್ಣು ಕೆಂಪಾಗಿತ್ತು. ಪಕ್ಕದಲ್ಲಿ ಮುಖ್ಯಸ್ಥರು ನಿಂತಿದ್ದರು. ಅವರ ಬಗ್ಗೆ ಕಚೇರಿಯಲ್ಲಿ ಒಂದು ಮಾತಿತ್ತು: ತಮ್ಮ ಮದುವೆಯಾದ ದಿನವನ್ನೂ ಎರಡು ಸಾಕ್ಷಿ ಇಲ್ಲದೆ ಒಪ್ಪುವವರಲ್ಲ ಎಂದು.

"ನೀರಕ್ಕ, ಇಪ್ಪತ್ತಮೂರು ತೊಟ್ಟಿ ಒಟ್ಟಿಗೆ ಮಿನುಗಿವೆ," ಎಂದಳು ಹುಡುಗಿ. "ಹನ್ನೊಂದು ವರ್ಷದಲ್ಲಿ ಇಷ್ಟು ದೊಡ್ಡದು ಬಂದಿಲ್ಲ. ಇದರ ಅರ್ಧದಷ್ಟೂ ಬಂದಿಲ್ಲ. ಮಳೆಯ ನಡುಮಧ್ಯ ಬಿದ್ದಿರೋದು ನಿಮ್ಮ ಅರವತ್ತಮೂರರ ಹತ್ರ."

"ಅಯ್ಯೋ, ಒಳ್ಳೇದಾಯ್ತಲ್ಲಮ್ಮ! ಅದಕ್ಕೆ ಯಾಕೆ ಅತ್ತಿದ್ದೀಯ?"

ಮುಖ್ಯಸ್ಥರು ಒಂದು ಪುಸ್ತಕ ತೆರೆದು ಮೇಜಿನ ಮೇಲಿಟ್ಟರು. "ಇದು ನಿಮ್ಮ ಕೈಬರಹ ತಾನೇ?"

"ನಂದೇ ಸರ್."

"ಅರವತ್ತಮೂರು. ಹನ್ನೊಂದು ಐವತ್ತಕ್ಕೆ ಶುರು, ಒಂದು ಐದಕ್ಕೆ ಮುಗೀತು. ಮಳೆ ಬಿದ್ದಿದ್ದು ಹನ್ನೆರಡು ನಲವತ್ತೊಂದಕ್ಕೆ."

ನೀರಕ್ಕನಿಗೆ ಅರ್ಥವಾಯಿತು. ಪೆಟ್ಟಿಗೆ ತೆರೆದು ಕೈಯಾಡಿಸುತ್ತಿರುವಾಗ ತೊಟ್ಟಿ ಹೇಳುವ ಅಂಕಿಯನ್ನು ಯಾರೂ ನಂಬುವುದಿಲ್ಲ. ನಡುವಿನ ತೊಟ್ಟಿಯೇ ನಂಬಿಕೆಗೆ ಅರ್ಹವಲ್ಲ ಎಂದಾದರೆ ಇಡೀ ಮಳೆಯನ್ನು ಬದಿಗಿಡುವುದು ನಿಯಮ.

"ಸರ್, ಆ ಹೊತ್ತಿಗೆ ನನ್ನ ಕೈ ಪೆಟ್ಟಿಗೇಲಿ ಇರಲಿಲ್ಲ ಅನ್ಸುತ್ತೆ."

"ಅನ್ಸುತ್ತೆ ಅನ್ನೋದನ್ನ ಎಲ್ಲಿ ಬರೀಲಿ? ಇದರಲ್ಲಿ ಅದಕ್ಕೆ ಜಾಗ ಇಲ್ಲ," ಎಂದರು ಅವರು. ಗದರಲಿಲ್ಲ, ದಣಿದ ದನಿಯಲ್ಲಿ ಹೇಳಿದರು. "ಶುಕ್ರವಾರ ಸಭೆ ಇದೆ. ಈ ಮಳೇನ ಕೈ ಬಿಡೋದೇ."

ಅವರ ತಲೆಯ ಹಿಂದೆ ಗೋಡೆಯಲ್ಲಿ ಫಲಕ ಇತ್ತು. 'ತೊಟ್ಟಿಯ ಹತ್ತಿರ ಊಟ ಮಾಡಬೇಡಿ'. ದುಂಡನೆಯ ಅಕ್ಷರ. ನಿಜ ಹೇಳಿದರೆ ಕೆಲಸ ಹೋದೀತು ಎಂಬುದಕ್ಕಿಂತ ಬೇರೊಂದು ಭಯ ನೀರಕ್ಕನನ್ನು ಕಟ್ಟಿಹಾಕಿತು. ಒಂದು ಸಾಲು ಸುಳ್ಳು ಎಂದರೆ ಕಪಾಟಿನಲ್ಲಿರುವ ಹನ್ನೊಂದು ವರ್ಷವೂ ಸುಳ್ಳಾದಂತೆ ಅಲ್ಲವೇ? ತನ್ನ ಬಾಯಿಮಾತಿಗೆ ಎದುರು ಸಾಕ್ಷಿ ತನ್ನದೇ ಕೈಬರಹ.

ಮನೆಗೆ ಬಂದವಳು ಚೀಲವನ್ನು ಮೊಳೆಗೆ ಸಿಕ್ಕಿಸಿ ಕೂತಳು. ಸಂಜೆಯ ಬಿಸಿಲು ಅಂಗಡಿಯ ಹೊಸ್ತಿಲು ದಾಟಿ ಬಂದಿತ್ತು. ಗಂಡ ಯಾರದೋ ಪ್ಯಾಂಟಿನ ಅಂಚು ಮಡಚುತ್ತಿದ್ದ.

"ಏನೇ, ಮುಖ ಯಾಕೆ ಇಷ್ಟುದ್ದ? ಅಳತೆ ತಗೊಳ್ಳಲಾ?"

ಅವಳು ಎಲ್ಲವನ್ನೂ ಹೇಳಿದಳು. ಊಟದ ವಿಷಯಕ್ಕೆ ಬಂದಾಗ ಅವನು ಸೂಜಿ ನಿಲ್ಲಿಸಿದ.

"ಹನ್ನೊಂದು ವರ್ಷ ಕದ್ದು ಊಟ ಮಾಡಿದ್ಯಾ? ನನಗೂ ಹೇಳದೆ?"

"ನಿಮಗೆ ಹೇಳಿದ್ರೆ ಊರಿಗೆ ಹೇಳಿದ ಹಾಗೇ ಅಲ್ವೇನ್ರೀ."

"ಅದೂ ನಿಜ," ಎಂದು ಒಪ್ಪಿಕೊಂಡು, ಅವನು ಚೀಲದಿಂದ ಇಣುಕುತ್ತಿದ್ದ ಕೆಂಪು ಬಟ್ಟೆಯನ್ನು ಎಳೆದುಕೊಂಡ. ಒಂದು ಮೂಲೆಯ ಜೇಬು ಹರಿದು ಕಲ್ಲು ಬೀಳುವಂತಾಗಿತ್ತು. ದಾರ ಕಚ್ಚಿ ಕತ್ತರಿಸಿ ಹೊಲಿಯತೊಡಗಿದ. ಅವನಿಗೆ ಸಮಾಧಾನ ಹೇಳಲು ಬರುತ್ತಿರಲಿಲ್ಲ, ಹೊಲಿಯಲು ಬರುತ್ತಿತ್ತು. ಎಂಟು ಹತ್ತು ಹೊಲಿಗೆ ಹಾಕಿ ತಲೆಯೆತ್ತಿದ.

"ಅಲ್ಲ ಕಣೇ, ಆ ಹಲಗೆ ಬಿಸಿಲು ಕುಡಿದು ಬದುಕುತ್ತೆ ಅಂತೀಯ. ನೀನು ಇದನ್ನ ಹೊದಿಸಿದ್ರೆ ಅಷ್ಟು ಹೊತ್ತು ಅದಕ್ಕೆ ಉಪವಾಸ ಅಲ್ವಾ? ಅದು ಯಾರಿಗೂ ದೂರು ಕೊಡಲ್ವಾ?"

ನೀರಕ್ಕ ಅವನ ಮುಖವನ್ನೇ ನೋಡಿದಳು. ಕೊಡುತ್ತದೆ. ಪ್ರತಿ ತೊಟ್ಟಿಯೂ ಆರು ನಿಮಿಷಕ್ಕೊಮ್ಮೆ ತನ್ನ ಯೋಗಕ್ಷೇಮವನ್ನು ರೇಡಿಯೋದಲ್ಲಿ ಕಳಿಸುತ್ತದೆ: ಬ್ಯಾಟರಿ ಎಷ್ಟು, ನೀರಿನ ಬಿಸಿ ಎಷ್ಟು, ಹಲಗೆಯಿಂದ ಬಂದ ವಿದ್ಯುತ್ ಎಷ್ಟು. ಬಟ್ಟೆ ಹೊದಿಸಿದ ಗಳಿಗೆಯೂ ತೆಗೆದ ಗಳಿಗೆಯೂ ಎಲ್ಲೋ ದಾಖಲಾಗಿಯೇ ಇರಬೇಕು.

"ರೀ," ಎಂದಳು, "ಆ ಮೂಲೆ ಗಟ್ಟಿಯಾಗಿ ಹೊಲೀರಿ."

ಬೆಳಿಗ್ಗೆ ಕಚೇರಿಯ ಬಾಗಿಲು ತೆರೆಯುವ ಮೊದಲೇ ಅವಳು ಮೆಟ್ಟಿಲ ಮೇಲೆ ಕೂತಿದ್ದಳು. ಮುಖ್ಯಸ್ಥರೂ ಲೆಕ್ಕದ ಹುಡುಗಿಯೂ ಬಂದ ಮೇಲೆ, ಇಬ್ಬರನ್ನೂ ನಿಲ್ಲಿಸಿಕೊಂಡು, ಫಲಕದ ಕೆಳಗೆ ನಿಂತು ಹೇಳಿದಳು.

"ಸರ್, ನಾನು ತೊಟ್ಟಿ ಹತ್ರ ಊಟ ಮಾಡ್ತೀನಿ. ಹನ್ನೊಂದು ವರ್ಷದಿಂದ. ದಿನಾ."

ಮುಖ್ಯಸ್ಥರು ಫಲಕವನ್ನು ನೋಡಿದರು, ಅವಳನ್ನು ನೋಡಿದರು. "ಇದನ್ನ ಬರೆದಿದ್ದು ನೀವಲ್ವಾ?"

"ಹೌದು ಸರ್. ಅಕ್ಷರ ನಂದು, ಹಸಿವೂ ನಂದೇ." ಆಮೇಲೆ ಚೀಲದಿಂದ ಕೆಂಪು ಬಟ್ಟೆ ತೆಗೆದು ಮೇಜಿನ ಮೇಲೆ ಹಾಸಿದಳು. ನಾಲ್ಕು ಬೆಣಚುಕಲ್ಲು ಟಕ್ ಟಕ್ ಎಂದವು. "ಕೆಲಸ ಮಾಡುವಾಗ ಇದು ಹಲಗೆ ಮೇಲೆ. ಊಟ ಮಾಡುವಾಗ ಇದು ನನ್ನ ಕೆಳಗೆ. ಆ ದಿನ ಇದನ್ನ ಯಾವಾಗ ತೆಗೆದೆ ಅಂತ ಹಲಗೇನೇ ಹೇಳುತ್ತೆ, ಕೇಳಿ."

ಲೆಕ್ಕದ ಹುಡುಗಿ ಬಟ್ಟೆಯನ್ನು ದಿಟ್ಟಿಸಿದಳು.

"ಅಲೆಮಾರಿ ಮೋಡ!" ಎಂದು ಕಿರುಚಿದಳು.

ವಿಷಯ ಇಷ್ಟು. ಬ್ಯಾಟರಿಗಳನ್ನು ನೋಡಿಕೊಳ್ಳುವವರು ಇದ್ದದ್ದು ದೂರದ ಇನ್ನೊಂದು ಕಚೇರಿಯಲ್ಲಿ. ಅವರ ದಾಖಲೆಯಲ್ಲಿ ವರ್ಷಗಳಿಂದ ಒಂದು ಒಗಟು ಕೂತಿತ್ತು. ನೀರಕ್ಕ ನೋಡಿಕೊಳ್ಳುವ ಬಡಗಣ ಎಪ್ಪತ್ತು ತೊಟ್ಟಿಗಳಲ್ಲಿ ಆಗಾಗ, ಒಂದೇ ಒಂದು ತೊಟ್ಟಿಯ ಮೇಲೆ, ಸುಡುಬಿಸಿಲಿನಲ್ಲಿ, ಸುತ್ತಲಿನ ಯಾವುದಕ್ಕೂ ತಾಗದೆ ಒಂದು ಮೋಡ ಬಂದು ನಿಲ್ಲುತ್ತಿತ್ತು. ಅರ್ಧ ಗಂಟೆ ಇದ್ದು ಹೋಗುತ್ತಿತ್ತು. ಮರುದಿನ ಬೇರೆ ತೊಟ್ಟಿಯ ಮೇಲೆ. ಅಲೆಮಾರಿ ಮೋಡ ಎಂದು ಅವರಿಟ್ಟ ಹೆಸರು ಹುಡುಗಿಯ ಕಿವಿಗೂ ಬಿದ್ದಿತ್ತು. ಅವರು ಎರಡು ಹಲಗೆಗಳನ್ನು ಕಳಚಿ ಹೊಸದನ್ನೂ ಹಾಕಿಸಿದ್ದರು. ಹಾಕಿದವಳು ನೀರಕ್ಕ. ಹಾಕುವಾಗ ಬಟ್ಟೆ ಹೊದಿಸಿಕೊಂಡೇ ಹಾಕಿದ್ದಳು. ನೀರಕ್ಕನ ಪುಸ್ತಕ ಈ ಕಪಾಟಿನಲ್ಲಿ, ಮೋಡದ ದಾಖಲೆ ಆ ಕಚೇರಿಯಲ್ಲಿ. ಎರಡನ್ನೂ ಯಾರೂ ಪಕ್ಕಪಕ್ಕ ಇಟ್ಟು ನೋಡಿರಲಿಲ್ಲ.

ಹುಡುಗಿಯ ಬೆರಳು ಕೀಲಿಗಳ ಮೇಲೆ ಓಡಿತು. ಪರದೆಯ ಮೇಲೆ ಅರವತ್ತಮೂರರ ಹಲಗೆಯ ವಿದ್ಯುತ್ತಿನ ಗೆರೆ ಮೂಡಿತು. ಹನ್ನೊಂದು ಐವತ್ತಾರರ ಹೊತ್ತಿಗೆ ದೊಪ್ಪನೆ ಬಿದ್ದ ಗೆರೆ ಹನ್ನೆರಡು ಇಪ್ಪತ್ತಾರಕ್ಕೆ ನೆಟ್ಟಗೆ ಮೇಲೆದ್ದು, ಸಂಜೆಯವರೆಗೂ ಇಳಿದಿರಲಿಲ್ಲ. ನೆರೆಯ ಆರು ತೊಟ್ಟಿಗಳ ಗೆರೆ ಅಲುಗಿರಲೇ ಇಲ್ಲ.

"ಹನ್ನೆರಡು ಇಪ್ಪತ್ತಾರು! ಸರ್, ಹದಿನೈದು ನಿಮಿಷ ಮೊದಲೇ ಮುಗಿದಿದೆ!"

"ಇರು ಇರು," ಎಂದರು ಮುಖ್ಯಸ್ಥರು. "ಒಂದು ಬಟ್ಟೆ ಒಂದು ಸಾಕ್ಷಿ."

ಅವರು ಕಪಾಟು ತೆರೆದು, ಕಣ್ಣು ಮುಚ್ಚಿ ಪುಟ ತಿರುಗಿಸಿ, ಹನ್ನೊಂದು ವರ್ಷದಿಂದ ಐವತ್ತು ದಿನಗಳನ್ನು ಆರಿಸಿದರು. ದಿನವನ್ನಷ್ಟೇ ಹೇಳುವುದು. ಆ ದಿನ ನೀರಕ್ಕ ಯಾವ ತೊಟ್ಟಿಯಲ್ಲಿದ್ದಳು, ಎಷ್ಟು ಹೊತ್ತಿಗೆ ಬಂದಳು ಎಂಬುದನ್ನು ಹುಡುಗಿ ಪುಸ್ತಕ ನೋಡದೆ, ಮೋಡದಿಂದಲೇ ಹೇಳಬೇಕು.

"ಮೂವತ್ತೊಂದನೇ ತೊಟ್ಟಿ, ಹತ್ತೂಕಾಲು."

"ಸರಿ."

"ಎಂಟು. ಹನ್ನೆರಡು ಹತ್ತು."

"ಸರಿ."

ಸುದ್ದಿ ಹರಡಿ ಬಾಗಿಲಲ್ಲಿ ಡ್ರೈವರು, ಗುಡಿಸುವವಳು, ರೇಡಿಯೋ ರಿಪೇರಿಯವನು ಎಲ್ಲ ನೆರೆದರು. ಒಂದೊಂದು 'ಸರಿ'ಗೂ ಒಂದು ಉಸಿರು. ಇಪ್ಪತ್ತು. ಮೂವತ್ತು. ಮೂವತ್ತೆಂಟನೆಯದಕ್ಕೆ ಹುಡುಗಿಯ ಬೆರಳು ನಿಂತಿತು.

"ಈ ದಿನ… ಎಲ್ಲೂ ಮೋಡ ಇಲ್ಲ ಸರ್."

ಮುಖ್ಯಸ್ಥರು ಪುಟ ನೋಡಿದರು. "ನಲವತ್ತನಾಲ್ಕನೇ ತೊಟ್ಟಿ. ಒಂದೂಮುಕ್ಕಾಲು ಗಂಟೆ ಕೆಲಸ ಅಂತ ಇದೆ. ನೀರಕ್ಕ?"

ನೀರಕ್ಕನಿಗೆ ನೆನಪಾಗಲಿಲ್ಲ. ಏಳು ವರ್ಷದ ಹಿಂದಿನ ಒಂದು ಮಂಗಳವಾರ. ಅವಳ ಕಿವಿಯಲ್ಲಿ ತನ್ನದೇ ಎದೆ ಬಡಿಯಿತು, ಖಾಲಿ ತೊಟ್ಟಿಯ ಹಾಗೆ.

"ಇಲ್ಲಿ ಅಂಚಿನಲ್ಲಿ ಏನೋ ಗೀಚಿದೆ," ಎಂದು ಮುಖ್ಯಸ್ಥರು ಕನ್ನಡಕ ಹಣೆಗೇರಿಸಿ ಪುಟವನ್ನು ಕಣ್ಣಿನ ಹತ್ತಿರ ತಂದರು. ನಿಧಾನವಾಗಿ ಓದಿದರು: "ಬಟ್ಟೆ ಮನೇಲಿ ಮರೆತೆ. ಕಣ್ಣು ಉರಿ. ಸ್ಕ್ರೂ ಕಾಣಿಸಲ್ಲ. ಕೆಲಸ ನಾಳೆಗೆ."

ಯಾರೋ ನಕ್ಕರು, ಆಮೇಲೆ ಎಲ್ಲರೂ. ಉಳಿದ ಹನ್ನೆರಡೂ ಸರಿಯಾದವು.

ಮುಖ್ಯಸ್ಥರಿಗೆ ಅಷ್ಟೂ ಸಾಲಲಿಲ್ಲ. ಬಟ್ಟೆ ತೆಗೆದ ಮೇಲೆ ಮತ್ತೆ ಪೆಟ್ಟಿಗೆ ತೆರೆದಿದ್ದರೆ? ಆ ಮಧ್ಯಾಹ್ನ ತಾವೇ ಜೀಪು ಹತ್ತಿ ಅರವತ್ತಮೂರಕ್ಕೆ ಹೋದರು. ಬಟ್ಟೆ ಇಲ್ಲದೆ ಪೆಟ್ಟಿಗೆ ಬಿಚ್ಚಲು ಕೂತರು. ಮರಳಿ ಬಂದಾಗ ಎರಡೂ ಕಣ್ಣಿನಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು.

"ಆಗಲ್ಲ," ಎಂದರು ಕರವಸ್ತ್ರ ಹಿಂಡುತ್ತ. "ಇದಿಲ್ಲದೆ ನಡುಹಗಲಲ್ಲಿ ಆ ಪೆಟ್ಟಿಗೇಲಿ ಯಾರೂ ಕೆಲಸ ಮಾಡೋಕಾಗಲ್ಲ. ಎರಡನೇ ಸಾಕ್ಷಿ ಸಿಕ್ತು."

ಶುಕ್ರವಾರದ ಸಭೆಯಲ್ಲಿ ಅವರು ಮೊದಲು ಕೆಂಪು ಬಟ್ಟೆಯನ್ನು ಮೇಜಿನ ಮೇಲೆ ಹಾಸಿದರಂತೆ, ಗೆರೆಗಳನ್ನು ಆಮೇಲೆ ತೋರಿಸಿದರಂತೆ. ಬೇರೆಬೇರೆ ಕಡೆಯಿಂದ ಪರದೆಯ ಮೇಲೆ ಸೇರಿದ್ದ ವಿಜ್ಞಾನಿಗಳು ಎರಡು ಗಂಟೆ ಕೆದಕಿ ಕೆದಕಿ ಕೇಳಿ, ಕೊನೆಗೆ ಒಬ್ಬರೂ ತಪ್ಪದೆ ಕೈಯೆತ್ತಿದರು. ಮಳೆ ಲೆಕ್ಕಕ್ಕೆ ಸೇರಿತು. ದೊಡ್ಡ ಮಳೆಗಳಿಗೆ ಅಡ್ಡಹೆಸರಿಡುವ ರೂಢಿ ಅಲ್ಲಿತ್ತು. ಇದಕ್ಕೆ ಲೆಕ್ಕದ ಹುಡುಗಿ ಇಟ್ಟ ಹೆಸರು 'ಬುತ್ತಿ'.

"ನೀರಕ್ಕ, ಅದು ನಿಮ್ಮ ಮೈಯಲ್ಲೇ ಹಾದು ಹೋಗಿದೆ," ಎಂದಳು ಹುಡುಗಿ ಆ ದಿನ, ಅವಳ ಎರಡೂ ಕೈ ಹಿಡಿದು ಕುಣಿಸುತ್ತ. "ಸಾವಿರಗಟ್ಟಲೆ ಕಣ! ನಿಮಗೆ ಏನೂ ಆಗಲ್ಲ, ಹೆದರಬೇಡಿ."

"ಹೆದರೋದೇನು ಬಂತು ಮಗಳೇ. ಅಷ್ಟು ದೂರದಿಂದ ಬಂದಿದ್ದಾವೆ, ಒಂದು ಮಾತು ಹೇಳಿದ್ರೆ ಅರ್ಧ ಮೊಟ್ಟೆ ಕೊಡ್ತಿದ್ದೆ."

ತಿಂಗಳ ಬಳಿಕ ಎಲ್ಲರೂ ಅರವತ್ತಮೂರರ ಬಳಿ ಸೇರಿದರು. ಒಂದು ಪುಟ್ಟ ಹಿತ್ತಾಳೆ ಫಲಕ ಹಚ್ಚುವುದಿತ್ತು: ದಿನ, ಹೊತ್ತು, ಹೆಸರು. ಗಂಡ ಅಂಗಡಿ ಮುಚ್ಚಿ ಬಂದಿದ್ದ. ಬಡಗಣ ಎಪ್ಪತ್ತು, ತೆಂಕಣ ನೂರ ನಲವತ್ತು ತೊಟ್ಟಿ ನೋಡಿಕೊಳ್ಳುವವರಿಗೆಲ್ಲ ಬೇಕೆಂದು ಹನ್ನೆರಡು ಬಟ್ಟೆ ಹೊಲಿಯಲು ಅವನಿಗೇ ಹೇಳಿದ್ದರು. ಅವನು ಸಿಕ್ಕವರಿಗೆಲ್ಲ ಜೇಬಿನಲ್ಲಿ ಬೆಣಚುಕಲ್ಲೇ ಯಾಕೆ ಇರಬೇಕು ಎಂದು ವಿವರಿಸುತ್ತಿದ್ದ. ಪರ ಊರಿನಿಂದ ಬಂದಿದ್ದ ವಿಜ್ಞಾನಿಯೊಬ್ಬರು ಒಬ್ಬೊಬ್ಬರಾಗಿ ತೊಟ್ಟಿಯ ಮೇಲೆ ಗೆಣ್ಣು ಬಡಿದು ನೋಡಲು ಎಲ್ಲರನ್ನೂ ಸಾಲು ನಿಲ್ಲಿಸಿದ್ದರು. ಬೊಂ ಎಲ್ಲರಿಗೂ ಕೇಳಿಸಿತು. ಡುಬ್ ಮೂರು ಜನಕ್ಕೆ ಮಾತ್ರ.

ಮುಖ್ಯಸ್ಥರು ನೆರಳಿನಲ್ಲಿ ನೀರಕ್ಕನ ಪಕ್ಕ ಬಂದು ನಿಂತರು.

"ನೋಡಿ, ಈ ಫಲಕದಲ್ಲಿ ನಿಮ್ಮ ಹೆಸರು ಇರಲೇಬೇಕು ಅಂತ ನಾನೇ ಹಟ ಹಿಡಿದೆ."

"ಯಾವ ಹೆಸರು ಸರ್?"

"ನೀರಕ್ಕ ಅಂತಲೇ. ಇನ್ನೊಂದು ಯಾರಿಗೆ ಗೊತ್ತಿದೆ?"

ಅವಳು ನಕ್ಕಳು. ಸೂರ್ಯ ನೆತ್ತಿಗೆ ಬಂದಿದ್ದ. ಒಂದೂವರೆ ಕಿಲೋಮೀಟರು ಆಚೆ ಅರವತ್ತನಾಲ್ಕನೆಯ ತೊಟ್ಟಿ ಬಿಸಿಲ ಝಳದಲ್ಲಿ ಅಲುಗುತ್ತಿತ್ತು. ಬೆಳಗಿನಿಂದ ಅದರ ಒಂದು ಕಣ್ಣು ಮಂಕಾಗಿದೆ ಎಂದು ರೇಡಿಯೋದಲ್ಲಿ ಬಂದಿತ್ತು. ನೀರಕ್ಕ ಕೆಂಪು ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡಳು.

"ಇನ್ನೊಂದು ಮಾತು," ಎಂದರು ಮುಖ್ಯಸ್ಥರು. "ಮುಗಿಸಿದ ಹೊತ್ತು, ಹೊರಟ ಹೊತ್ತು ಬೇರೆ ಬೇರೆ ಬರೀಬೇಕು, ಎರಡು ಕಾಲಂ ಹಾಕಿಸ್ತೀನಿ. ಇನ್ನು ಆ ಊಟದ ವಿಷಯ. ಆಗಿದ್ದು ಒಳ್ಳೇದೇ ಆಯ್ತು, ಒಪ್ತೀನಿ. ಆದ್ರೂ ನಿಯಮ ಅಂದ್ರೆ ನಿಯಮ. ನಾಳೆಯಿಂದ ಯಾರೇ ಆಗಲಿ, ತೊಟ್ಟಿ ಹತ್ರ…"

ನೀರಕ್ಕ ಚೀಲದ ಬಾಯಿ ತೆರೆದು ಬುತ್ತಿ ಇದೆಯೇ ಎಂದು ಒಮ್ಮೆ ನೋಡಿಕೊಂಡಳು. ಇತ್ತು. ಮೊಟ್ಟೆ ಇನ್ನೂ ಬೆಚ್ಚಗಿತ್ತು.

"ನೀರಕ್ಕ, ನಾನಿನ್ನೂ ಮಾತು ಮುಗಿಸಿಲ್ಲ!"

"ಹೇಳ್ತಾ ಇರಿ ಸರ್," ಎಂದಳು ಅವಳು ತಿರುಗದೆ, ಆಗಲೇ ಬಿಸಿಲಿಗೆ ಇಳಿದು. "ಅರವತ್ತನಾಲ್ಕರವರೆಗೂ ಕೇಳಿಸುತ್ತೆ."